ಒಂದು ಗೇಣು

ಬಟ್ಟೆ ಒಣಹಾಕುವ ಹಸಿರು ನೈಲಾನ್ ಹಗ್ಗವನ್ನೇ ಕತ್ತರಿಸಿದೆವು.
ಓಮ್ನಿಯ ಮೂತಿಗೆ ಒಂದು ತುದಿ ಕೆಂಪರಾಜ ಹಿಡಿದ,
ಬಾಲಕ್ಕೆ ಇನ್ನೊಂದು ತುದಿ ನಾನು.
ಹನ್ನೊಂದಡಿ, ಮೇಲೊಂದು ಕೂದಲೆಳೆ.
ಅಗಲಕ್ಕೆ ಒಂದು ಗಂಟು,
ಬಾಗಿಲು ತೆಗೆದು ಮನುಷ್ಯ ಇಳಿಯಲು ಇನ್ನೊಂದು.
ರವಿಕೆಗೆ ಅಳತೆ ಕೊಟ್ಟ ಹಾಗೆ ಇದೂ ಅಂದುಕೊಂಡು
ಹಗ್ಗ ಸುತ್ತಿ ಬ್ಯಾಗಿಗೆ ಹಾಕಿ
ಮನೆ ಹುಡುಕಲು ಹೊರಟೆ.

ಬೊಮ್ಮನಹಳ್ಳಿಯಲ್ಲಿ ವ್ಯಾನು ಬೀದಿಯಲ್ಲೇ ಮಲಗುತ್ತಿತ್ತು.
ಒಂದು ಸಲ ಬ್ಯಾಟರಿ ಹೋಯಿತು, ಒಂದು ಸಲ ಕನ್ನಡಿ.
ಮೂರನೇ ಸಲ ಬಂದವನು
ಮಿಕ್ಕಿದ್ದ ಎರಡು ಬನ್ನು ಅಲ್ಲೇ ಕೂತು ತಿಂದು
ಸ್ಟೆಪ್ನಿ ಬಿಚ್ಚಿಕೊಂಡು ಹೋದ.
ಬನ್ನಿನ ಬಗ್ಗೆ ಕೆಂಪರಾಜನಿಗೆ ಬೇಜಾರಿರಲಿಲ್ಲ.

ಹಾಗಾಗಿ ಚಂದಾಪುರ. ಹಾಗಾಗಿ ಹೀಲಲಿಗೆ,
ರೈಲು ಒಂದು ನಿಮಿಷ ನಿಂತು ನನ್ನನ್ನು ಹತ್ತಿಸಿಕೊಳ್ಳುವ ಜಾಗ.
ಬ್ರೋಕರ್ ಜಬೀವುಲ್ಲಾ ಸ್ಕೂಟಿಯಲ್ಲಿ ಮುಂದೆ,
"ಪಾರ್ಕಿಂಗ್ ಇದೆ ಅಕ್ಕಾ, ಫಸ್ಟ್ ಕ್ಲಾಸ್" ಎಂಬ ಮಾತು ಅವನ ಹಿಂದೆ,
ಅದರ ಹಿಂದೆ ಧೂಳು, ಧೂಳಿನ ಹಿಂದೆ ನಾನು.

ಒಂದು ಕಡೆ ಪಾರ್ಕಿಂಗ್ ಎಂದರೆ ಮೆಟ್ಟಿಲ ಕೆಳಗಿನ ಸಂದಿ,
ಸೈಕಲ್ಲೂ ತಲೆ ತಗ್ಗಿಸಿ ಒಳಹೋಗಬೇಕು.
ಇನ್ನೊಂದು ಕಡೆ ಬೂದು ಕವರು ಹೊದ್ದ ಓನರ್ ಕಾರು.
"ಓಡಿಸಲ್ಲ. ಇದೆ, ಅಷ್ಟೇ."
ಮತ್ತೊಂದು ಕಡೆ ಹಗ್ಗದ ಎರಡು ತುದಿಯೂ ಗೋಡೆ ಮುಟ್ಟಿದವು.
ಮನಸ್ಸಿನಲ್ಲಾಗಲೇ ಒಲೆ ಇಟ್ಟು ಹಾಲು ಉಕ್ಕಿಸುತ್ತಿದ್ದೆ.
ಆ ಮನುಷ್ಯ, ಜಾತಿ ಕೇಳುವ ಮೊದಲೇ,
ಮಾಂಸ ತಿಂತೀರಾ ಎಂದು ಕೇಳುವ ಮೊದಲೇ, ಕೇಳಿದ:
"ಬೋರ್ಡು ಬಿಳಿಯೋ, ಹಳದಿಯೋ?"
ಹಳದಿ ಸಾರ್.
"ಬಾಡಿಗೆ ಗಾಡಿ ನಿಂತರೆ ಮನೆ ಲಕ್ಷಣ ಹೋಗುತ್ತಮ್ಮಾ."
ನೀವು ಕೊಡುತ್ತಿರುವುದೂ ಬಾಡಿಗೆಗೇ ಅಲ್ಲವಾ?
ನಾಲಿಗೆ ತುದಿವರೆಗೂ ಬಂತು.
ಹಗ್ಗ ಸುತ್ತಿಕೊಂಡೆ.

ಹದಿನಾಲ್ಕನೆಯದೋ ಹದಿನೈದನೆಯದೋ, ತಿಪ್ಪಾರೆಡ್ಡಿಯವರ ಮನೆ.
ಗೇಟಿನೊಳಗೆ ಸಿಮೆಂಟು ನೆಲ, ನೆಲದಲ್ಲಿ ಸಂಪಿನ ಮುಚ್ಚಳ.
"ಮಂಗಳವಾರ, ಶುಕ್ರವಾರ ಬೆಳಗ್ಗೆ ಐದಕ್ಕೆ ಟ್ಯಾಂಕರು.
ಮುಚ್ಚಳದ ಮೇಲೆ ಗಾಡಿ ಇರಬಾರದು."
ಮೂರೂವರೆಗೇ ಹೊರಟುಬಿಡುತ್ತೆ ಸಾರ್.
"ಅಷ್ಟೊತ್ತಿಗೆ ಎಲ್ಲಿಗೆ?"
ಬ್ರೆಡ್ಡು, ಬನ್ನು.
ಒಳಗಿಂದ ಹೆಂಗಸಿನ ದನಿ: "ಏನಂತೆ?"
"ಬನ್ನಂತೆ."

ಹಗ್ಗದ ಒಂದು ತುದಿ ಜಬೀವುಲ್ಲಾ ಗೋಡೆಗೊತ್ತಿ ನಿಂತ.
ಇನ್ನೊಂದು ತುದಿ ಗೇಟು ದಾಟಿತು.
ಒಂದೇ ಒಂದು ಗೇಣು.
ನಾಲ್ಕು ತಿಂಗಳ ಭಾನುವಾರಗಳು ಆ ಗೇಣಿನಲ್ಲಿದ್ದವು.
ಅದನ್ನು ಮುಷ್ಟಿಯೊಳಗೆ ಮಡಚಿಕೊಂಡು ಹೇಳಿದೆ:
ಸರಿಹೋಗುತ್ತೆ.

ಸಾಮಾನು ಬಂದ ರಾತ್ರಿ ವ್ಯಾನು ಒಳಗೆ ಹೋಯಿತು, ಮೂತಿ ಹೊರಗೆ ಉಳಿಯಿತು.
"ಅಳೆದಿದ್ದೆ ಅಂದೆಯಲ್ಲ?" ಕೆಂಪರಾಜ.
ಅಳೆದಿದ್ದೆ.
ರೆಡ್ಡಿಯವರು ಲುಂಗಿಯಲ್ಲಿ ಬಂದು, ಮುಚ್ಚದ ಗೇಟಿಗೆ ಟಾರ್ಚು ಬಿಟ್ಟು
ಏನೂ ಹೇಳದೆ ಒಳಗೆ ಹೋದರು.
ನನಗೆ ನಿದ್ದೆ ಬರಲಿಲ್ಲ.
ಚಕ್ರಗಳ ಕೆಳಗೆ ಸಂಪಿನಲ್ಲಿ ನೀರಿತ್ತು,
ಅದು ಕೇಳಿಸುತ್ತಿದೆ ಅನ್ನಿಸುತ್ತಿತ್ತು.

ಸೋಮವಾರ ಕೆಂಪರಾಜನಿಗೆ ರಜೆ, ವ್ಯಾನಿಗೂ.
ಬಾಗಿಲು ತೆಗೆದರೆ ಮುನಿಲಕ್ಷ್ಮಮ್ಮ ಬೀದಿಯಲ್ಲಿ ಬಗ್ಗಿದ್ದಾರೆ,
ಏಳು ಚುಕ್ಕಿ, ಏಳು ಸಾಲು.
ಎರಡು ಚುಕ್ಕಿಗಳ ಜಾಗ ಬಂಪರಿನ ಕೆಳಗೆ.
ತಲೆ ಎತ್ತದೆ ಅಂದರು:
"ಅವತ್ತು ಕಿಟಕಿಯಿಂದ ನೋಡಿದೆ, ನಿನ್ನ ಮುಷ್ಟಿ."

ರೈಲಿಗೆ ಹೊತ್ತಾಗುತ್ತಿತ್ತು. ಕಾಲು ಏಳಲಿಲ್ಲ.

"ಗೇಣಿಗೂ ಗೇಣಿ ಕೊಡಬೇಕಮ್ಮಾ.
ವಾರಕ್ಕೆ ಎರಡು ಬನ್ನು. ಬೆಣ್ಣೆದು."
ಹೇಳುತ್ತಲೇ ಬಂಪರಿನಡಿಗೆ ತೋಳು ತೂರಿಸಿ
ಕಾಣದ ಆ ಎರಡು ಚುಕ್ಕಿಗಳನ್ನು
ಬೆರಳಂದಾಜಿನಲ್ಲೇ ಇಟ್ಟರು.
ಒಂದು ಸ್ವಲ್ಪ ಸೊಟ್ಟಗಿತ್ತು.