ಹಿಂಗೈ

ಯಗಟಿ ಸೆಕ್ಷನ್ ಆಫೀಸಿನ ಹೊಂಗೆ ಮರಕ್ಕೆ
ಏಣಿ ಒರಗಿಸಿ ಕೂತಿದ್ದೇನೆ, ಪಾಠಕ್ಕೆ.
ಮೂವತ್ತೊಂದು ವರ್ಷದ ಸರ್ವೀಸು, ಇನ್ನೆರಡು ಬಾಕಿ.
ಫೋನು ಕೇಳುತ್ತದೆ:
‘ಕಲಿಯಲು ಸಿದ್ಧರಿದ್ದೀರಾ, ಕಲ್ಮರುಡಪ್ಪ?’
ಹೆಸರು ಹಿಡಿದು, ಇಷ್ಟು ಮರ್ಯಾದೆಯಾಗಿ,
ಯಾವ ಇಂಜಿನಿಯರೂ ಕೇಳಿದ್ದಿಲ್ಲ.

ಸಿದ್ಧ ಎಂದು ಒತ್ತಿದೆ. ಒತ್ತಿದ್ದು ಅದಕ್ಕೆ ತಿಳಿಯಲಿಲ್ಲ.
ಹಗ್ಗವೂ ತಂತಿಯೂ ತಿಂದು ಬಿಟ್ಟ ಹೆಬ್ಬೆರಳು,
ಆಧಾರಿನವರಿಗೇ ಮೂರು ಸಲ ಕೈಕೊಟ್ಟದ್ದು.
‘ಕೊಡಿ ಇಲ್ಲಿ’ ಎಂದ ಕುಬೇರ ನಾಯ್ಕ
ನೊಣ ಓಡಿಸಿದ ಹಾಗೆ ಗಾಜು ಸವರಿದ.
ತೆರೆಯಿತು.

ಏಳನೆಯ ಪಾಠ. ಬಿಳಿ ಹೆಲ್ಮೆಟ್ಟಿನ ಹುಡುಗ,
ಇಸ್ತ್ರಿಯ ಅಂಗಿ, ಬೆವರಿಲ್ಲದ ಕಂಕುಳು.
ಅವನ ಕಂಬದ ಬುಡದಲ್ಲಿ ಮುಳ್ಳಿಲ್ಲ, ಕೆಂಜಿಗವಿಲ್ಲ,
‘ಎಷ್ಟೊತ್ತ್ರೀ ಇನ್ನೂ’ ಎಂದು ಕೂಗುವ
ಪಂಪ್‌ಸೆಟ್ಟಿನ ಯಜಮಾನನೂ ಇಲ್ಲ.
ಲೈನ್ ಕ್ಲಿಯರ್ ಪಡೆಯಿರಿ, ಎಂದ.
ಸ್ವಿಚ್ ಎಳೆಯಿರಿ, ಬೀಗ ಹಾಕಿರಿ, ಟೆಸ್ಟರ್ ಹಿಡಿಯಿರಿ,
ನಂತರ ಅ... ಎನ್ನುವಾಗ ಬಾಯಿ ತೆರೆದೇ ನಿಂತುಬಿಟ್ಟ.
ಅವನ ಮೂಗಿನ ಮೇಲೆ ಸುತ್ತತೊಡಗಿತು
ಒಂದು ಸೊನ್ನೆ.

‘ನೆಟ್‌ವರ್ಕ್ ಹೋಯ್ತಣ್ಣ.’
ಹೋಗದೆ ಏನು? ಕೊಂಬೆ ಕಡಿಯುವ ಗ್ಯಾಂಗಿಗೆಂದು
ಪಂಚನಹಳ್ಳಿ ಫೀಡರು ಬೆಳಿಗ್ಗೆ ತೆಗೆಸಿದವನು ನಾನೇ.
ಟವರಿನ ಬ್ಯಾಟರಿಗೂ ನನ್ನಷ್ಟೇ ಸರ್ವೀಸಾಗಿದೆ,
ಗಂಟೆಗಿಂತ ಹೆಚ್ಚು ನಿಲ್ಲಲಾರದು.

ಆ ಸೊನ್ನೆಯೊಳಗಿಂದ ಬಂದ ಓಂಕಾರಪ್ಪ.
ಬಾಯಲ್ಲಿ ಬೀಡಿ, ಹೆಗಲಲ್ಲಿ ಹಗ್ಗ, ಬರಿಗಾಲು.
‘ಅಂಗೈ ಕೊಡಬ್ಯಾಡ ಕಣೋ. ಕೊಟ್ಟರೆ ಮುಷ್ಟಿ ಕಟ್ಟಿಸ್ತದೆ,
ಹಿಡಿದವನೂ ಅದೇ, ಬಿಡದವನೂ ಅದೇ.
ಹಿಂಗೈ ತಾಗಿಸು. ಇದ್ದರೆ ಒದ್ದು ಕಳಿಸ್ತದೆ,
ಬೈಕೊಂಡು ಮನೆಗೆ ಹೋಗ್ತೀಯ.’
ಅಷ್ಟೇ ನನ್ನ ಕಾಲೇಜು. ಪರೀಕ್ಷೆ ದಿನಾ ಇತ್ತು.
ಫೇಲಾದವರು ಮತ್ತೆ ಕೂರುವ ಹಾಗಿರಲಿಲ್ಲ.

ಹನ್ನೆರಡೂವರೆಗೆ ಟವರು ಉಸಿರು ಬಿಟ್ಟಿತು.
ಪ್ರಶ್ನೆ ಬಂತು: ತಂತಿಯಲ್ಲಿ ವಿದ್ಯುತ್ ಇಲ್ಲವೆಂದು
ಹೇಗೆ ಖಚಿತಪಡಿಸಿಕೊಳ್ಳುವಿರಿ?
ನಾಲ್ಕು ಉತ್ತರ. ಮೂರನೆಯದು
‘ಕೈಯ ಹಿಂಭಾಗದಿಂದ ಮುಟ್ಟಿ.’
ಎದೆ ಝಲ್ಲೆಂದಿತು. ಬೀಡಿಯ ಓಂಕಾರಪ್ಪನ ಮಾತು
ಹೆಡ್ಡಾಫೀಸಿನ ತನಕ ನಡೆದು ಹೋಗಿದೆಯಲ್ಲ!
‘ಅದನ್ನೇ ಒತ್ತೋ’ ಎಂದೆ.
ಕೆಂಪು ಗುಣಾಕಾರ ಗುರುತು.
‘ತಪ್ಪು. ಬರಿಗೈಯಿಂದ ಎಂದಿಗೂ ಮುಟ್ಟಬಾರದು.’

ಕುಬೇರ ನಗಲಿಲ್ಲ.
ಫೋನಿನ ಜೊತೆ ನಾನು ಜಗಳಕ್ಕೂ ನಿಲ್ಲಲಿಲ್ಲ.
ಸಖರಾಯಪಟ್ಟಣದ ಆಚೆ, ವೈಶಾಖದ ಮಧ್ಯಾಹ್ನ,
ಓಂಕಾರಪ್ಪ ಹಿಂಗೈ ತಾಗಿಸಿದ. ತಂತಿ ಸತ್ತಿತ್ತು.
ಆಮೇಲೆ ಅಂಗೈ ಇಟ್ಟ.
ಆ ನಡುವೆ ಎಲ್ಲೋ ಒಂದು ಮದುವೆ ಛತ್ರದಲ್ಲಿ
ಧಾರೆಯ ಹೊತ್ತಿಗೆ ಫ್ಯಾನು ನಿಂತಿತೆಂದು
ಯಾರೋ ಜನರೇಟರಿನ ಗುಂಡಿ ಒತ್ತಿದರು.
ಹನ್ನೊಂದು ಊರಿಗೆ ಒಂದು ಅರ್ಥ್ ರಾಡು ಆಗ.
ಆವತ್ತು ಅದು
ಬೇರೆ ಊರಿನಲ್ಲಿತ್ತು.

ಬಿಳಿ ಹೆಲ್ಮೆಟ್ಟಿನವನೇ, ನಿನ್ನ ಬಾಯಲ್ಲಿ ನಿಂತುಹೋಗಿದ್ದ
ಆ ‘ಅ’ಕಾರವನ್ನು ಮುಗಿಸಿ ಹೇಳುವವರು
ನಮಗೆ ಯಾರೂ ಇರಲಿಲ್ಲ.

‘ಜನರೇಟರಿನ ಮಾತು ಪಾಠದಲ್ಲಿಲ್ಲವಲ್ಲಣ್ಣ’ ಎಂದ ಕುಬೇರ.
ಇಲ್ಲ. ಯಾರ ಮನೆಯಲ್ಲಿದೆ ಎಂದು ಹೆಡ್ಡಾಫೀಸಿಗೆ ಹೇಗೆ ಗೊತ್ತು?
ನಾನು ಹೇಳುತ್ತ ಹೋದೆ, ಅವನು ಎರಡೂ ಹೆಬ್ಬೆರಳಲ್ಲಿ ಕುಟ್ಟುತ್ತ ಹೋದ:
ಕೊಬ್ಬರಿ ಮಂಡಿ ಗಂಗಾಧರಯ್ಯನದು, ನೀಲಿ ಶೆಡ್ಡು.
ಹಿಟ್ಟಿನ ಗಿರಣಿ ಜಬೀವುಲ್ಲಾ, ಹೇಳಿದರೆ ಕೇಳುತ್ತಾನೆ.
ಕೋಳಿ ಫಾರಂ, ಕೇಳುವುದಿಲ್ಲ, ನೀನೇ ಹೋಗಿ ತಂತಿ ಬಿಚ್ಚು.
ಛತ್ರಗಳಿಗೆ ಪಂಚಾಂಗ ನೋಡಿಕೊಂಡು ಹೋಗು.
ಇಪ್ಪತ್ತಾರಾದವು. ಇನ್ನೂ ನೆನಪಾಗುತ್ತಿವೆ.

ನನಗೆ ಬಂದದ್ದು ಎಪ್ಪತ್ತು. ಬೇಕಾದ್ದು ಎಂಬತ್ತು.
‘ನಾಳೆ ಮತ್ತೆ ಪ್ರಯತ್ನಿಸಿ, ಕಲ್ಮರುಡಪ್ಪ.’
ಆಗಲಿ ಎಂದು ಹೆಬ್ಬೆರಳು ಒತ್ತಿದೆ, ಕೇಳಲಿಲ್ಲ.
ಕೈ ಮಗುಚಿ, ಗೆಣ್ಣಿನಿಂದ ಮೆಲ್ಲಗೆ ತಾಗಿಸಿದೆ,
ಅಭ್ಯಾಸ.
ತಟ್ಟನೆ ಓಗೊಟ್ಟಿತು.