ಐದನೇ ಡಬ್ಬಿ

ನಮ್ಮಪ್ಪ ಧೂಳಪ್ಪ ಆ ಪಿಕ್ಚರ್ ನೋಡಿಲ್ಲ.
ಹೊತ್ತಾನ.

ಕಲಬುರಗಿಯ ಎರಡು ಟಾಕೀಜಿಗೆ ಒಂದೇ ಪ್ರಿಂಟು.
ಸ್ಟೇಷನ್ ಕಡಿ ಆರೂವರಿಗೆ ಚಾಲೂ ಆದ್ರ
ಬಜಾರದ ಕಡಿ ಏಳಕ್ಕ.
ನಡುವ ಅಪ್ಪನ ಸೈಕಲ್ಲು,
ಕ್ಯಾರಿಯರ್ ಮ್ಯಾಲ ತಗಡಿನ ಡಬ್ಬಿ,
ಡಬ್ಬಿಯೊಳಗ ಸುತಗೊಂಡು ಮಲಗಿದ ಚುಕ್ಕಿ.

ಒಂದನೇ ರೀಲು ಮುಗಿಯೋತನಕ ಇತ್ತ ನಿಂತು ನೋಡ್ತಿದ್ದ:
ಕರೀ ಪರದಾ, ಲಾಟೀನಿನಷ್ಟು ಬೆಳಕು,
ಹತ್ತಿರ ಬಂದಂಗ ಬಂದಂಗ ಅದೊಂದು ಊರು.
ಕಡೀ ರೀಲಿಗೆ ಅತ್ತ ನಿಲ್ತಿದ್ದ:
ಯಾರೋ ಯಾರನ್ನೋ ಬಿಟ್ಟು ಬಾಗಿಲಾ ಹಾಕ್ಕೋತಾರ,
ಗಾಜಿನ ಮ್ಯಾಲ ಅಂಗೈ.
ನಡುವಿಂದು ಅವಗ ಗೊತ್ತಿಲ್ಲ.
ನಡುವಿಂದು ಬರೇ ತೂಕ.

ಒಂದು ಸಂಜೀಗಿ ರೈಲ್ವೆ ಗೇಟು ಬಿತ್ತು.
ವಾಡಿ ಸಿಮೆಂಟಿನ ಗೂಡ್ಸು, ಡಬ್ಬಿ ಹಿಂದ ಡಬ್ಬಿ,
ಎಣಿಸಿದ, ಐವತ್ತೆಂಟು.
ಅತ್ತ ಬಜಾರದಾಗ ಹಡಗು ನಡು ಆಕಾಶದಾಗ ನಿಂತದ,
ಸೀಟಿ, ಬೈಗುಳ, ಒಂದು ಚಪ್ಪಲಿ ಪರದಾಕ್ಕ ಬಡೀತು,
ಮ್ಯಾನೇಜರ್ ಹೊರಗ ಬಂದು ರಸ್ತಾ ನೋಡಲತ್ತಾನ.
ಇತ್ತ ಅಪ್ಪ ಐದನೇ ಡಬ್ಬಿ ಮ್ಯಾಲ ಕೈ ಇಟ್ಟ.
ಮೇ ತಿಂಗಳ ಬಿಸಿಲು ಇನ್ನಾ ಅದರಾಗ ಇತ್ತಂತ.
"ಅವರೆಲ್ಲಾರ ಸಾಯೋದು ಬದುಕೋದು
ಆ ಹೊತ್ತಿನಾಗ, ಮಗಾ,
ನನ್ನ ಎಡಗಾಲಿನ ಪೆಡಲಿನಾಗ ಇತ್ತು ನೋಡು."
ಇಷ್ಟೇ ಅವನ ಕಥಿ.
ಹೇಳಿದಾಗೊಮ್ಮೆ ಗೂಡ್ಸಿಗೆ ನಾಕು ಡಬ್ಬಿ ಹೆಚ್ಚಾಗ್ತಾವ.

ನಾ ನೋಡಿದ್ದು ಬ್ರಹ್ಮಪುರದ ಓಣ್ಯಾಗ,
ಗಣಪತಿ ಕೂಡಿಸಿದ ಪೆಂಡಾಲಿನಾಗ,
ಬಾಡಿಗಿ ವಿಸಿಆರು, ಹಿಂದಿ ಮಾತು,
ಕ್ಯಾಸೆಟ್ಟಿನ ತುಂಬ ಗೆರಿ.
ಮೂರನೇ ಭಾಗ ಮೊದಲು ನೋಡಿದ್ವಿ;
ಒಂದನೇದು ಅಂಗಡ್ಯಾಗ ಇದ್ದಿಲ್ಲ.
ಬಂದೂಕಿನಿಂದ ಬೆಳಕು ಹಾರಿದಾಗೆಲ್ಲಾ ಹುಡುಗೂರು ಕುಣೀತಿದ್ರು.
ನನ್ನ ಕಣ್ಣು ನಕಾಶಿ ಓದಾಕಿ ಮ್ಯಾಲೆ ಇತ್ತು.
ದಪ್ಪನ ಹೆಣ್ಣುಮಗಳು, ಹುಬ್ಬಿಗೆ ಹಳೇ ಗಾಯ,
ಕ್ಯಾಪ್ಟನ್ನಿಗಿ ಅಂದಳು: "ದಾರಿ ತಪ್ಪೀರಿ."
ದನಿ ಏರಿಸಲಿಲ್ಲ, ಅಳಲಿಲ್ಲ.
ಹಡಗು ತಿರುಗಿತು!
ನನಗ ಆಗ ಹದಿಮೂರು.
ಹೆಣ್ಣಿನ ಮಾತಿಗೆ ನಮ್ಮ ಓಣ್ಯಾಗ
ಒಂದು ಟಾಂಗಾ ತಿರುಗಿದ್ದೂ ನಾ ಕಂಡಿದ್ದಿಲ್ಲ.

ಈಗ ಆಳಂದ ಬಸ್ಸಿನಾಗ ಸೀಟಿ ಊದ್ತೀನಿ.
ಡ್ರೈವರ್ ತಪ್ಪಿದ್ರ ಅದೇ ಮಾತು.
ಅದೇ ದನಿ, ಬರೋಮಟ.

ನನ್ನ ಮಗಳು ಅನ್ವಿತಾಗ ಎಂಟೂ ಭಾಗ ಬಾಯಿಪಾಠ.
ಮಾಳಗಿ ಮ್ಯಾಲಿನ ಪರಸಿಗೆ ನೀರು ಹೊಡೆದು,
ಆರೋದ್ರಾಗೇ ಫೋನ್ ಹಿಡ್ಕೊಂಡು ಅಡ್ಡಾಗ್ತಾಳ.
"ಅವ್ವಾ, ಹಡಗಿಗೆ ಕಟ್ಟಿದ ದಾರ ಕಾಣ್ತದ ನೋಡು,"
ನಿಲ್ಲಿಸಿ, ಎರಡು ಬೆರಳಿಲೆ ಹಿಗ್ಗಿಸಿ ತೋರಿಸ್ತಾಳ.
ಖರೇನೇ, ದಾರ.
ಇಂಜಿನ್ ಅಂತ ಅಂಟಿಸಿದ್ದು ಔಷಧ ಬಾಟ್ಲಿಯ ಬೂಚು.
ಇಷ್ಟು ವರ್ಷ ನನಗ ಕಂಡಿದ್ದಿಲ್ಲ,
ಕಂಡದ್ದಕ್ಕ ಜರಾ ಸಿಟ್ಟೂ ಬಂತು.
ಅಕಿಗಿ ಮಾತ್ರ ಆ ದಾರ ಸಿಕ್ಕಮ್ಯಾಲೇ ಪ್ರೀತಿ ಹೆಚ್ಚು.

"ಎಷ್ಟು ಸಲ ನೋಡ್ತಿ ಅದನ್ನೇ?"
"ಮುಂದೇನಾಗ್ತದ ಗೊತ್ತದಲ್ಲ, ಅದಕ್ಕ."
ಹತ್ತನೇ ಇಯತ್ತೆಯ ಪುಸ್ತಕ ಬಾಜೂಕ ಬೋರಲು ಬಿದ್ದಿದ್ವು.
ನಾ ಮತ್ತೇನೂ ಕೇಳಲಿಲ್ಲ.

ಹೋದ ಐತವಾರ ಅಪ್ಪನ ಕಣ್ಣಿನ ಪಟ್ಟಿ ಬಿಚ್ಚಿದ್ರು.
"ತಾತಾ, ಐದನೇ ಡಬ್ಬಿ ತೋರಸ್ತೀನಿ ಬಾ,"
ಅನ್ವಿತಾ ಲೆಕ್ಕಾ ಹಾಕಿ, ಬೆರಳು ಎಳೆದು,
ಸುಮಾರು ಆ ಜಾಗಾಕ್ಕ ತಂದು ನಿಲ್ಲಿಸಿದಳು.

ಅಲ್ಲಿ ಏನೂ ಆಗೂದಿಲ್ಲ.
ಐದು ಮಂದಿ ಕುಂತು ಉಣ್ತಾರ,
ಒಬ್ಬಾವ ಸೋರೋ ಪೈಪಿಗಿ ಬಟ್ಟಿ ಸುತ್ತತಾನ,
ನಕಾಶಿ ಓದಾಕಿ ಗಾಜಿಗಿ ತಲಿ ಕೊಟ್ಟು
ಹೊರಗಿನ ಕತ್ತಲಿ ನೋಡ್ತಾಳ, ಭಾಳ ಹೊತ್ತು.
ಯಾರದೋ ಹಾದಿ ಕಾಯಲತ್ತಾರ.

ನಮಗ ಅಂಜಿಕಿ. ಇಷ್ಟಕ್ಕೇನು
ಆ ಬಿಸಿಲಾಗ ಅಷ್ಟು ತುಳಿದೆ ಅಂದಾನು ಅಂತ.
ಅಪ್ಪ ತೊಡಿ ಬಡಕೊಂಡು ನಕ್ಕ:
"ಇವರೂ ಗೇಟಿನಾಗೇ ಸಿಕ್ಕಾರಲೇ!"

ಅಷ್ಟ್ರಾಗ ನೆಟ್ ಹೋತು.
ಪರದಾದ ನಡುವ ಒಂದು ಬೆಳ್ಳನ ಗಾಲಿ
ಸುತ್ತಲತ್ತಿತು, ಸುತ್ತಲತ್ತಿತು.
ಅನ್ವಿತಾ ಫೋನ್ ಝಾಡಿಸಿದಳು.
ಅಪ್ಪ ಅಕಿ ಕೈ ಹಿಡಿದ.
"ತಡಿ, ಬೈಬ್ಯಾಡ," ಅಂದ,
"ಬರಲತ್ತಾನ."