ಸೊಂಟಕ್ಕೆ ಕಟ್ಟಿದ ಡಬ್ಬಿ

ಬೆಂಕಿಪೊಟ್ಟಣದಷ್ಟು ಡಬ್ಬಿ. ಏಳು ದಿನ ಸೊಂಟಕ್ಕೆ ಕಟ್ಟಿರಬೇಕು,
ಮೈ ತೊಳೆಯುವಾಗ ಮಾತ್ರ ಬಿಚ್ಚಿಡಬೇಕು.
ದಾವಣಗೆರೆಯ ಗಲ್ಲಿ ಗಲ್ಲಿ ಸುತ್ತಿ
ನಾನು ಕಟ್ಟಿದ ಸೊಂಟಗಳು ಇನ್ನೂರಾ ಆರು.
ನನ್ನದು ಸ್ಕೂಟಿಯ ಮೇಲೆ ಕೂತಿತ್ತು,
ಅದು ಅಧ್ಯಯನದಲ್ಲಿಲ್ಲ.

ಕುಂದವಾಡ ಕೆರೆ ಏರಿ, ಬೆಳಗಿನ ಐದೂ ಮುಕ್ಕಾಲು.
ಮಂಡಿಪೇಟೆ ವಾಮದೇವಪ್ಪನವರು ಬಿಳಿ ಬೂಟಿನಲ್ಲಿ
ಎರಡು ಸುತ್ತು ಹಾಕಿ, ಇಳಿದು ಬಂದು
ಎರಡು ಬೆಣ್ಣೆದೋಸೆ ತಿನ್ನುತ್ತಾರೆ.
"ಸುತ್ತಿಗೊಂದು. ಲೆಕ್ಕ ಚುಕ್ತಾ ಆತಲ್ಲ ತಂಗಿ?"
ನಾಲ್ಕನೇ ದಿನ ಅವರ ಡಬ್ಬಿ ಹತ್ತೊಂಬತ್ತು ಸಾವಿರ ಹೆಜ್ಜೆ ತೋರಿಸಿತು.
ಅಂಗಡಿ ಹುಡುಗನ ಸೊಂಟಕ್ಕೆ ಕಟ್ಟಿ
ಬಾಕಿ ವಸೂಲಿಗೆ ಕಳಿಸಿದ್ದರಂತೆ.
ಡಾಕ್ಟರು ನಕ್ಕರು. ನಾನೂ ನಕ್ಕೆ.
"ಆ ಒಂದಿನ ತೆಗೆದುಹಾಕು, ಮಿಕ್ಕಿದ್ದು ಇರಲಿ."

ನೂರಾ ಹದಿನೇಳನೆಯದು ಜೈನಬಿಯದು,
ಮಂಡಕ್ಕಿ ಭಟ್ಟಿಯವಳು.
ಕಂಪ್ಯೂಟರಿಗೆ ಜೋಡಿಸಿದರೆ ಗೆರೆ ಏಳಲೇ ಇಲ್ಲ.
ರಾತ್ರಿ ಎರಡರಿಂದ ಬೆಳಗಿನ ಹತ್ತರ ತನಕ
ನೀರು ಬಿಡದ ಭದ್ರಾ ನಾಲೆಯ ಹಾಗೆ ಸಪಾಟು.
"ಜಡ ಜೀವನಶೈಲಿ" ಎಂದು ಬರೆದೆ,
ದುಂಡಗೆ, ಕಾಗುಣಿತ ತಪ್ಪದೆ.
ಫಾರಂನ ಒಂಬತ್ತನೇ ಪ್ರಶ್ನೆ: ಬಿಡುವಿನ ವೇಳೆಯಲ್ಲಿ
ಬೆವರು ಬರುವಂತೆ ಎಷ್ಟು ನಿಮಿಷ ವ್ಯಾಯಾಮ?
ಅವಳು ಕೇಳಿದ್ದಳು, "ಬಿಡುವು ಅಂದ್ರ ಯಾವ ಹೊತ್ತವ್ವಾ?"
ಚೌಕದೊಳಗೆ ಸೊನ್ನೆ ಹಾಕಿ
ಹತ್ತನೇ ಪ್ರಶ್ನೆಗೆ ಹೋಗಿದ್ದೆ.

"ಗೂಟಕ್ಕೆ ನೇತುಹಾಕಿರ್ತಾಳೆ, ಹೋಗಿ ನೋಡ್ಕೊಂಡು ಬಾ."

ರಾತ್ರಿ ಮೂರು. ಭಟ್ಟಿ ಓಣಿಯಲ್ಲಿ ನಾಯಿಗಳೂ ಎಚ್ಚರ.
ಹೊಟ್ಟಿನ ಬೆಂಕಿ, ಕಾದ ಮರಳು, ಉಪ್ಪುನೀರು ಕುಡಿದ ಅಕ್ಕಿ.
ಜೈನಬಿ ನೆಟ್ಟ ಕಂಬದಂತೆ ನಿಂತಿದ್ದಾಳೆ,
ಸೊಂಟದಿಂದ ಕೆಳಗೆ ಕದಲದೆ.
ಮೇಲೆ ಎರಡು ತೋಳು ಮಾತ್ರ:
ಕೆದಕು, ಎತ್ತು, ಜರಡಿಗೆ ಸುರಿ, ಮರಳು ಮತ್ತೆ ಬಾಣಲೆಗೆ,
ಅಕ್ಕಿ ಚಟಪಟ ಸಿಡಿದು ಅರಳುವಷ್ಟರಲ್ಲಿ ಮುಂದಿನ ಸೇರು.
ಅಂಗೈ ಮೇಲೆ ಪೆನ್ನಿನಿಂದ ಗೀಟು ಹಾಕುತ್ತ ಎಣಿಸಿದೆ,
ನಿಮಿಷಕ್ಕೆ ನಲವತ್ತನಾಲ್ಕು. ಅಂಗೈ ತುಂಬಿತು.
ಡಬ್ಬಿ ಸೊಂಟದಲ್ಲೇ ಇತ್ತು,
ಹಳೇ ಸೀರೆಯ ತುಂಡಿನಲ್ಲಿ ಸುತ್ತಿ, ಹಸುಗೂಸಿನಂತೆ.
"ಅಲ್ಲಾಡಿದ್ರೆ ಕೆಡ್ತೈತೆ ಅಂತ ಭಾಳ ಜ್ವಾಪಾನ ಮಾಡೀನಿ."

ಅವಳ ಸಕ್ಕರೆ ಇನ್ನೂರಾ ಮೂವತ್ತು. ಮಂಡಿ ಊದಿವೆ.
ಇಷ್ಟು ಬೆವರಿಳಿದ ಮೈಯಲ್ಲಿ ಅದು ಯಾಕೆ ಉಳಿಯಿತು?
ನಡೆಯಿರಿ ಎಂದು ಹೇಳಲು ನನ್ನ ಬಳಿ ಕರಪತ್ರವಿತ್ತು,
ಕೆರೆ ಏರಿಯ ಚಿತ್ರ, ಬಿಳಿ ಬೂಟು.
ಬ್ಯಾಗಿನಿಂದ ತೆಗೆಯಲಿಲ್ಲ.

ಡಬ್ಬಿ ಬಿಚ್ಚಿ ಅವಳ ಬಲ ಮಣಿಕಟ್ಟಿಗೆ ಕಟ್ಟಿದೆ.
ಮರುದಿನದ ಗೆರೆ ಚಿತ್ರದುರ್ಗದ ಬೆಟ್ಟಸಾಲು.
"ನಿಯಮ ಸೊಂಟದ್ದು," ಎಂದರು ಡಾಕ್ಟರು, ಕೆಟ್ಟವರಲ್ಲ,
"ಒಬ್ಬಳಿಗೆ ಕೈ, ಉಳಿದವರಿಗೆ ಸೊಂಟ ಅಂದ್ರೆ ಹೋಲಿಸೋದು ಹ್ಯಾಗೆ?"
ಸರಿಯಾದ ಮಾತು. ವಾಮದೇವಪ್ಪನವರ ಆರು ದಿನ ಉಳಿದವು.
ಕೋಷ್ಟಕದ ಕೆಳಗೆ ಸಣ್ಣಕ್ಷರದಲ್ಲಿ: ಕೈಬಿಟ್ಟದ್ದು, ಒಂದು.

ಸಕ್ಕರೆಯ ಚೀಟಿ ಕೊಡಲು ಹೋದ ದಿನ
ಪೇಪರ್ ಪೊಟ್ಟಣದಲ್ಲಿ ಬಿಸಿ ಮಂಡಕ್ಕಿ ಕೊಟ್ಟು ಕೇಳಿದಳು,
"ನಂದು ಪಾಸಾತೇನವ್ವಾ?"
ಬಾಯಿ ತುಂಬ ಮಂಡಕ್ಕಿ. ಅದನ್ನೇ ನೆಪ ಮಾಡಿಕೊಂಡು
ಅಗಿಯುತ್ತ ನಿಂತೆ.